ಎದುರಾಳಿಯ ಕುಲಗೋತ್ರ

ಅಮೆರಿಕನ್ ಫುಟ್‌ಬಾಲ್ ನನಗೆ ಅರ್ಥವಾಗುವುದಿಲ್ಲ. ಟೆಕ್ಸಸ್‌ನಲ್ಲಿದ್ದುಕೊಂಡು ಇದನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನಗೆ ಹತ್ತು ವರ್ಷವಾದರೂ ಬಂದಿರಲಿಲ್ಲ. ಐದು ಸೆಕೆಂಡು ಆಡುತ್ತಾರೆ, ಆಮೇಲೆ ಅರ್ಧ ನಿಮಿಷ ತಲೆಗೆ ತಲೆ ಕೊಟ್ಟು ಮೀಟಿಂಗ್ ಮಾಡುತ್ತಾರೆ. ವಾರವಿಡೀ ಮೀಟಿಂಗಿನಲ್ಲೇ ಕೂರುವ ಎಂಜಿನಿಯರನಿಗೆ ಶನಿವಾರವೂ ಅದನ್ನೇ ನೋಡುವ ಆಸೆ ಎಲ್ಲಿಂದ ಬರಬೇಕು, ನೀವೇ ಹೇಳಿ.

ಅಂಥವನು ಒಂದು ಕಾಲದಲ್ಲಿ ಪ್ರತಿ ವಾರ ಎದುರಾಳಿ ಕಾಲೇಜಿನ ಬಲಾಬಲ ಅಳೆಯುತ್ತ ಕೂತಿದ್ದೆನೆಂದರೆ ಅದಕ್ಕೆ ಮಗಳು ಕಾರಣ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅನಘಾ ಓದಲು ಆಸ್ಟಿನ್‌ಗೆ ಹೋದಳು. ಹ್ಯೂಸ್ಟನ್‌ನ ನಮ್ಮ ಮನೆಯಿಂದ ಮೂರು ಗಂಟೆಯ ಡ್ರೈವ್, ಅಷ್ಟೇ. ಆದರೆ ಫೋನಿನಲ್ಲಿ ತುಂಬ ದೂರವಾಗಿಬಿಟ್ಟಳು. "ಊಟ ಆಯ್ತೇನೆ?" ಎಂದರೆ "ಯಾ." "ಓದು ಹೇಗಿದೆ?" ಎಂದರೆ "ಫೈನ್." ಮೂರನೆಯ ಪ್ರಶ್ನೆಗೆ ನಾನು ತಡಕಾಡುವಷ್ಟರಲ್ಲಿ "ಬೈ, ಅಪ್ಪಾ." ಫೋನಿಟ್ಟ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಮಗಳು ಕೈತಪ್ಪಿ ಹೋದಳೆಂದು ನಿಜಕ್ಕೂ ದುಃಖವಾಗುತ್ತಿತ್ತು.

ಒಂದು ಗುರುವಾರ ಏನೂ ತೋಚದೆ, "ಈ ಶನಿವಾರ ನಿಮ್ಮ ಕಾಲೇಜಿಗೆ ಎದುರಾಳಿ ಯಾರೇ?" ಎಂದುಬಿಟ್ಟೆ. ಆ ಕಡೆ ಏನೋ ಗುಸುಗುಸು ಕೇಳಿಸಿತು. ಆಮೇಲೆ ಹನ್ನೆರಡು ನಿಮಿಷ ಮಾತಾಡಿದಳು! ಹುಡುಗಿಗೆ ಈ ಆಟದ ಹುಚ್ಚು ಹಿಡಿದಿದೆ ಎಂದುಕೊಂಡು ಮರುದಿನವೇ ಅಭ್ಯಾಸಕ್ಕೆ ಇಳಿದೆ.

ಹಿಂದಿನ ರಾಜರು ಶತ್ರುವಿನ ಬಲ ತಿಳಿಯಲು ಸನ್ಯಾಸಿಯ ವೇಷದಲ್ಲಿ ಗೂಢಚಾರರನ್ನು ಕಳಿಸುತ್ತಿದ್ದರಂತೆ. ನನಗೆ ಕ್ಲಿಯರ್ ಲೇಕ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಧಾರವಾಡದ ಪಾಟೀಲರಿದ್ದರು. ಶನಿವಾರ ಟೀವಿ ಮುಂದಿನಿಂದ ಏಳದ ಆಸಾಮಿ. ನಮ್ಮವರಿಗೆ ಚೆನ್ನಾಗಿ ಬರುವ ವಿಚಾರಣೆ ಒಂದೇ, ಗಂಡು ಹುಡುಕುವಾಗಿನದು. ನಾನೂ ಹಾಗೇ ಕೇಳುತ್ತಿದ್ದೆ. ಎಲ್ಲಿಯವರು? ಹಿಂದೆ ಎಲ್ಲೆಲ್ಲಿ ಮುರಿದುಬಿದ್ದಿದೆ? ಹಿರಿಯರು, ಅಂದರೆ ಕೋಚು, ಎಂಥವರು? ಚೆಂಡೆಸೆಯುವವನ ವಿಷಯ ಬಂದರೆ ಪಾಟೀಲರು ದನಿ ತಗ್ಗಿಸಿ, "ಹುಡುಗ ಭಾಳ ಚೊಲೊ ಅದಾನ್ರೀ, ಆದ್ರ ಮೊಣಕಾಲ ಬ್ಯಾನಿ ಐತಿ" ಎನ್ನುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅದನ್ನು ಓದಿ ನೋಡಿದ ನನ್ನ ಹೆಂಡತಿ ವಸುಧಾ, "ಜಾತಕಾನೂ ತರಿಸ್ಕೊಂಡ್ಬಿಡಿ" ಎಂದಳು.

ಅಕ್ಟೋಬರಿನಲ್ಲಿ ಪಾಟೀಲರು ನಾಲ್ಕು ದಿನ ರಜೆ ಹಾಕಿದರು. ಅಷ್ಟರಲ್ಲಿ ನಾನೂ ಪಳಗಿದ್ದೆನಲ್ಲ, ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕಾಲೇಜಿನ ಮ್ಯಾಚುಗಳ ಪಟ್ಟಿ ನೋಡಿ ಎದುರಾಳಿ ಯಾರೆಂದು ನಾನೇ ತಿಳಿದುಕೊಂಡೆ. ಇಂಟರ್‌ನೆಟ್ ಜಾಲಾಡಿ ಎರಡು ಪುಟ ಬರೆದೆ. ಗುರುವಾರ ಫೋನಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದೆ. ಅನಘಾ ಮಧ್ಯೆ ಮಧ್ಯೆ "ಹೌದಪ್ಪಾ, ದೇ ಆರ್ ವೆರಿ ಟಫ್" ಎನ್ನುತ್ತಿದ್ದಳು.

ಶುಕ್ರವಾರ ಪಾಟೀಲರು ಬಂದರು. ನೋಟ್‌ಬುಕ್ ತೋರಿಸಿದೆ. ಓದಿ ನನ್ನ ಮುಖ ನೋಡಿದರು. "ಈ ವಾರ ಮ್ಯಾಚ ಇಲ್ಲಲ್ರೀ! ಟೀಮಿಗೆ ರಜಾ. ನಿಮ್ಮ ಪಟ್ಟಿ ಹೋದ ವರ್ಷದ್ದಿರಬೇಕ ನೋಡ್ರಿ."

ಹೌದು, ಹೋದ ವರ್ಷದ್ದೇ. ಕಾಲೇಜು ನೋಡಲು ಹೋದಾಗ ಅಲ್ಲಿನವರು ಕೊಟ್ಟಿದ್ದು. ನನ್ನ ದಡ್ಡತನ ಇರಲಿ, ಆಸ್ಟಿನ್‌ನಲ್ಲೇ ಇರುವ ಇವಳಿಗೂ ಗೊತ್ತಿರಲಿಲ್ಲವೇ? ಸಂಜೆಯೇ ಫೋನ್ ಮಾಡಿದೆ.

"ನಾಳೆ ಮ್ಯಾಚೇ ಇಲ್ವಂತಲ್ಲೇ?"

ಅವಳು ಮೆಲ್ಲಗೆ, "ಅಪ್ಪಾ, ಐ ಹೇಟ್ ಫುಟ್‌ಬಾಲ್."

ಅವಳು ಒಂದು ಮ್ಯಾಚನ್ನೂ ನೋಡಿರಲಿಲ್ಲವಂತೆ. ರೂಮಿನ ಗೆಳತಿ ಡಾಲಸ್‌ನವಳು, ಆಟದ ಹುಚ್ಚಿ. ಗುರುವಾರ ಪಕ್ಕದಲ್ಲಿ ಕೂತು ಅವಳು ಪಿಸುಗುಟ್ಟುತ್ತಿದ್ದಳು, ಇವಳು ನನಗೆ ಒಪ್ಪಿಸುತ್ತಿದ್ದಳು. ಈ ವಾರ ಮ್ಯಾಚಿಲ್ಲವೆಂದೇ ಗೆಳತಿ ಡಾಲಸ್‌ಗೆ ಹೋಗಿದ್ದಳು.

"ಮತ್ತೆ ಇಷ್ಟು ದಿನ ಯಾಕೆ ಮಾತಾಡ್ದೆ?"

"ಯು ಸೌಂಡೆಡ್ ಸೋ ಹ್ಯಾಪಿ, ಅಪ್ಪಾ."

ಸಾಮಾನ್ಯವಾಗಿ "ಬೈ" ಬರುವ ಹೊತ್ತು ಅದು. ಬರಲಿಲ್ಲ. ಬದಲಿಗೆ ಅವಳೇ ಕನ್ನಡದಲ್ಲಿ ಕೇಳಿದಳು, "ಮುಂದಿನ ವಾರ ಯಾರಪ್ಪಾ?"

"ತಡಿ, ನೋಡಿ ಹೇಳ್ತೀನಿ" ಎಂದೆ.

ಮರುದಿನ ವಸುಧಾ ಆ ಹಳೆಯ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಲು ಹೊರಟಳು. ನಾನು ಬಿಡಲಿಲ್ಲ. ರಜೆಯ ವಾರಗಳಿಗೂ ಒಬ್ಬ ಎದುರಾಳಿ ಬೇಕಲ್ಲ.