ಎಪ್ಪತ್ತು ಅಂದರೆ ಎಂಬತ್ತು ವಡೆ

ಮೇನಕಾ ಓದಿದ್ದು ತಮಿಳಿನಲ್ಲಿ, ಜಗಳವಾಡುವುದು ತಮಿಳಿನಲ್ಲಿ, ಕನಸು ಬಿದ್ದರೂ ಅರ್ಧ ತಮಿಳಿನಲ್ಲೇ. ಎಣಿಸುವುದು ಮಾತ್ರ ಕನ್ನಡದಲ್ಲಿ. ಸೇಲಂ ಸೀಮೆಯ ಕೊಳತ್ತೂರಿನಲ್ಲಿ, ಕನ್ನಡ ಮನೆಮಾತಿನ ಮನೆಯಂಗಳದಲ್ಲಿ ಅವ್ವ ಗೋವಿಂದಮ್ಮ ಕಡಲೆಕಾಯಿ ಅಳೆಯುವಾಗ 'ಲಾಭ, ಎಲ್ಡು, ಮೂರು' ಎನ್ನುತ್ತಾ ಸುರಿಯುತ್ತಿದ್ದಳು. ಮೊದಲ ಅಳತೆಗೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಆ ದನಿ ಮಗಳ ನಾಲಿಗೆಯ ಬುಡದಲ್ಲಿ ಕೂತುಬಿಟ್ಟಿತ್ತು. ಡಿಪ್ಲೊಮಾ ಮುಗಿಸಿ, ತಾರಮಂಗಲಂ ಬಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಸಹಾಯಕಿಯಾದ ಮೇಲೂ ಅದು ಅಲ್ಲಿಂದ ಕದಲಲಿಲ್ಲ.

ಆ ಲ್ಯಾಬೆಂದರೆ ಅವಳಿಗೆ ಜೀವ. ದಿನವೂ ಮೊದಲು ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ಒಂದು ಗಳಿಗೆ ಸುಮ್ಮನೆ ನಿಲ್ಲುವಳು.

೧೯೯೯ರಲ್ಲಿ ಕಾಲೇಜಿಗೆ ಒಂದು ಸರ್ವರ್ ಬಂತು. ಅದು ಬೇಕಾದದ್ದು ಮೂರು ಕಡೆಗೆ: ಲ್ಯಾಬಿಗೆ, ಆಫೀಸಿಗೆ, ಪರೀಕ್ಷಾ ವಿಭಾಗಕ್ಕೆ. ಲ್ಯಾಬಿನಲ್ಲಿ ಕೂತ ವಿದ್ಯಾರ್ಥಿಗಳು ಪರೀಕ್ಷಾ ವಿಭಾಗದ ಪ್ರಶ್ನೆಪತ್ರಿಕೆಗಳನ್ನು ಇಣುಕುವಂತಿರಬಾರದು. ಅದಕ್ಕೆ ಮೂರು ಬೇರೆ ಬೇರೆ ಜಾಲ ಬೇಕು. ಆದರೆ ಸರ್ವರಿನಲ್ಲಿ ನೆಟ್‌ವರ್ಕ್ ಕಾರ್ಡು ಒಂದೇ, ಇನ್ನೊಂದನ್ನು ಸಿಕ್ಕಿಸಲು ಜಾಗವಿಲ್ಲ. ಸರ್ವರಿನ ವಯರನ್ನು ಕೋಣೆಕೋಣೆಗೆ ಹಂಚುವ ಸ್ವಿಚ್ ಪೆಟ್ಟಿಗೆ ಕೂರಿಸಲು ಸೇಲಂನ ಕಂಪನಿಯಿಂದ ಬಂದಿದ್ದ ವೇಣು, ಮೂರು ಸರ್ವರ್ ಇಲ್ಲದೆ ಆಗದು ಎಂದುಬಿಟ್ಟ. ಕಾರ್ಡಿನ ಜೊತೆ ಬಂದ ಪುಸ್ತಕವನ್ನು ಎರಡು ಸಲ ಓದಿದ್ದ ಮೇನಕಾ ಅವನೆದುರಿಗೇ ಪ್ರಿನ್ಸಿಪಾಲರ ಮುಂದೆ ನಿಂತಳು.

"ಒಂದೇ ಕಾರ್ಡಿನಲ್ಲಿ ಮೂರು ವಿಎಲ್ಯಾನ್ ಮಾಡಬಹುದು ಸಾರ್."

"ಹಾಗಂದರೆ?"

"ನಮ್ಮೂರಿಂದ ಸೇಲಂಗೆ ಎಲ್ಲರ ಮೀನೂ ಒಂದೇ ಬಸ್ಸಿನ ಮೇಲೆ ಹೋಗುತ್ತೆ ಸಾರ್. ಒಬ್ಬೊಬ್ಬರ ಬುಟ್ಟಿಗೆ ಒಂದೊಂದು ಬಣ್ಣದ ಬಟ್ಟೆ. ಅಲ್ಲಿ ಬಣ್ಣ ನೋಡಿ ಇಳಿಸ್ತಾರೆ. ಇಲ್ಲಿ ಬಟ್ಟೆ ಬದಲು ನಂಬರು. ಕಾರ್ಡು ನಂಬರು ಕಟ್ಟಿ ಕಳಿಸುತ್ತೆ, ಸ್ವಿಚ್ ಅದನ್ನು ನೋಡಿ ಆಯಾ ಕೋಣೆಗೆ ಬಿಡುತ್ತೆ. ಎರಡೂ ಕಡೆ ಒಂದೇ ನಂಬರು ಇರಬೇಕು, ಅಷ್ಟೆ."

"ಮೀನಿನ ವಾಸನೆ ಬರದಿದ್ದರೆ ಸರಿ" ಎಂದರು ಪ್ರಿನ್ಸಿಪಾಲರು. ಆಮೇಲೆ ನಗು ನಿಲ್ಲಿಸಿ, "ಬುಧವಾರ ಮೂರು ಗಂಟೆಗೆ ಯೂನಿವರ್ಸಿಟಿಯವರು ನೋಡೋಕೆ ಬರ್ತಾರೆ. ಅಷ್ಟರಲ್ಲಿ ಆಗದಿದ್ದರೆ ಲ್ಯಾಬನ್ನು ವೇಣು ಕಂಪನಿಗೆ ಒಪ್ಪಿಸ್ತೀನಿ. ನೀನು ಲೈಬ್ರರಿಗೆ ಹೋಗಮ್ಮ, ಪುಸ್ತಕಕ್ಕೆ ಚೀಟಿ ಅಂಟಿಸೋಕೆ ಯಾರೂ ಇಲ್ಲ" ಎಂದರು.

ಬುಧವಾರ ಬೆಳಿಗ್ಗೆ ಕಾಲೇಜೆಲ್ಲ ಗಡಿಬಿಡಿ. ಕ್ಯಾಂಟೀನಿನ ಪೊನ್ನಮ್ಮ ಎದುರಾಗಿ, ಬರುವವರಿಗೂ ಕಾಲೇಜಿನವರಿಗೂ ಸೇರಿ ವಡೆ ಎಷ್ಟೆಂದು ಕೇಳಿದಾಗ ಮೇನಕಾ ನಡೆಯುತ್ತಲೇ ಲೆಕ್ಕ ಹೇಳಿ ಹೋದಳು. ಸರ್ವರಿನ ಮುಂದೆ ಕೂತು ಒಂದೇ ಕಾರ್ಡಿನೊಳಗೆ ಮೂರು ಜಾಲ ಹುಟ್ಟಿಸಿದಳು. ಆಚೆ ಕಟ್ಟಡದಲ್ಲಿ ಸ್ವಿಚ್ಚಿನ ಬಳಿಯಿದ್ದ ವೇಣುವಿಗೆ ಇಂಟರ್‌ಕಾಮಿನಲ್ಲಿ ನಂಬರುಗಳನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಲ್ಯಾಬ್ ಅರವತ್ತು, ಪರೀಕ್ಷೆ ಎಪ್ಪತ್ತು, ಆಫೀಸ್ ಐವತ್ತು.

ಲ್ಯಾಬ್ ಓಗೊಟ್ಟಿತು. ಆಫೀಸೂ ಓಗೊಟ್ಟಿತು. ಪರೀಕ್ಷಾ ವಿಭಾಗ ಮಾತ್ರ ಕಲ್ಲಿನಂತೆ ಕೂತಿತ್ತು. ಅವಳು ಕೇಬಲ್ ಬದಲಿಸಿದಳು, ಆ ಜಾಲವನ್ನು ಅಳಿಸಿ ಮತ್ತೆ ಮಾಡಿದಳು, ಮತ್ತೂ ಮಾಡಿದಳು.

"ನಂಬರು ಸರಿಯಾಗಿ ಹಾಕಿದ್ದೀರಾ ವೇಣು?"

"ನೀವು ಹೇಳಿದ್ದನ್ನೇ ಹಾಕಿದ್ದೀನಿ ಮೇಡಂ. ನಿಮ್ಮ ಬಸ್ಸಿಗೆ ಎರಡೇ ಬುಟ್ಟಿ ಹೊರೋ ಶಕ್ತಿ ಅಂತ ಕಾಣುತ್ತೆ. ಬೇಜಾರು ಮಾಡ್ಕೋಬೇಡಿ, ಲೈಬ್ರರೀಲಿ ಫ್ಯಾನ್ ಚೆನ್ನಾಗಿ ಓಡುತ್ತೆ."

ಎರಡು ಗಂಟೆಯಾಯಿತು. ಪೊನ್ನಮ್ಮ ಸೊಂಟದ ಮೇಲೆ ಬುಟ್ಟಿ ಹೊತ್ತು ಲ್ಯಾಬಿನ ಬಾಗಿಲಿಗೆ ಬಂದಳು.

"ಎಂಬದು ವಡೆ. ಎಣಿಸ್ಕೋ ನನ್ನ ಕಣ್ಣೇ."

ಎಂಬದು ಎಂದರೆ ತಮಿಳಿನ ಎಂಬತ್ತು. "ಅಷ್ಟು ಯಾಕಕ್ಕಾ? ನಾನು ಹೇಳಿದ್ದು ಎಳುಬದು" ಎಂದಳು ಮೇನಕಾ, ಎಪ್ಪತ್ತನ್ನು ತಮಿಳಿನಲ್ಲೇ ಸ್ಪಷ್ಟವಾಗಿ ಬಿಡಿಸಿ.

"ಎಳುಬದು ಅಂತ ನೀನು ಎಲ್ಲಿ ಅಂದೆ? ಎಪ್ಪದೋ ಎಂಬದೋ ಏನೋ ಅಂದ್ಕೊಂಡು ಓಡಿದೆ. ಎಪ್ಪದು ಅಂತ ಒಂದು ಲೆಕ್ಕ ಉಂಟಾ? ಎಂಬದೇ ಇರಬೇಕು ಅಂತ ಕರಿದೆ. ಈಗ ನನ್ನ ಮೇಲೆ ಹಾಕ್ತೀಯ."

ಮೇನಕಾ ಎಣಿಸಲೆಂದು ಎತ್ತಿದ ಬಿಸಿ ವಡೆಯನ್ನು ಕೈಯಲ್ಲೇ ಹಿಡಿದು ನಿಂತೇಬಿಟ್ಟಳು. ಅವಸರದಲ್ಲಿ ಅವಳ ನಾಲಿಗೆ ಅವ್ವನ ಅಂಗಳಕ್ಕೆ ಹೋಗಿಬಿಡುತ್ತದೆ. ಐವತ್ತು, ಅರವತ್ತು ಎಂದರೆ ತಮಿಳರ ಕಿವಿಗೂ ಸರಿಯಾಗಿಯೇ ತಾಕುತ್ತದೆ. ಎಪ್ಪತ್ತು ಮಾತ್ರ ದಾರಿ ತಪ್ಪಿ ಎಂಬತ್ತರ ಮನೆಗೆ ಹೋಗುತ್ತದೆ.

ವಡೆಯನ್ನು ಬುಟ್ಟಿಗೆ ಹಾಕಿ ಅವಳು ಇಂಟರ್‌ಕಾಮ್ ಎತ್ತಿಕೊಂಡಳು.

"ವೇಣು, ಪರೀಕ್ಷಾ ವಿಭಾಗಕ್ಕೆ ಎಷ್ಟು ಹಾಕಿದ್ದೀರಿ?"

"ಎಂಬದು. ನೀವೇ ಹೇಳಿದ್ದು."

"ತಪ್ಪು ನನ್ನ ನಾಲಿಗೇದು. ಬಿಡಿಸಿ ಹೇಳ್ತೀನಿ, ಬರ್ಕೊಳ್ಳಿ. ಏಳು. ಪಕ್ಕದಲ್ಲಿ ಸೊನ್ನೆ."

ಏಳು ಎರಡು ಭಾಷೆಯಲ್ಲೂ ಏಳೇ. ಅತ್ತಲಿಂದ ಕೀಲಿಗಳ ಟಕಟಕ ಕೇಳಿಸಿತು. ಪರದೆಯ ಮೇಲೆ ಒಂದು ಸಾಲು ಮೂಡಿತು. ಅದರ ಕೆಳಗೆ ಇನ್ನೊಂದು, ಮತ್ತೊಂದು. ಪರೀಕ್ಷಾ ವಿಭಾಗ ಓಗೊಡುತ್ತಿತ್ತು. ಅವಳು ಲ್ಯಾಬಿನ ಕಂಪ್ಯೂಟರೊಂದರಲ್ಲಿ ಕೂತು ಆ ವಿಭಾಗಕ್ಕೆ ನುಗ್ಗಲು ನೋಡಿದಳು. ದಾರಿಯೇ ಇರಲಿಲ್ಲ. ದಾರಿಯಿಲ್ಲದ್ದನ್ನು ಕಂಡು ಅಷ್ಟು ಸಂತೋಷಪಟ್ಟವರು ಆ ದಿನ ಊರಲ್ಲಿ ಬೇರೆ ಇರಲಾರರು.

ಮೂರು ಗಂಟೆಗೆ ಬಂದವರಲ್ಲಿ ಹಿರಿಯರೊಬ್ಬರು ಸರ್ವರಿನ ಹಿಂಬದಿಗೆ ಬಗ್ಗಿ ನೋಡಿದರು. "ಮೂರು ಜಾಲ ಅಂದಿರಿ, ಇಲ್ಲಿ ವಯರು ಒಂದೇ ಇದೆಯಲ್ಲ?"

ಪ್ರಿನ್ಸಿಪಾಲರು ಮೇನಕಾಳತ್ತ ತಿರುಗಿದರು. "ಆ ಮೀನಿನ ಬುಟ್ಟಿ ಕತೆ ಇವರಿಗೂ ಹೇಳಮ್ಮ."

ಹೇಳಿದಳು. ಬಂದವರು ಕೇಳಿ, ಎರಡು ಪ್ರಶ್ನೆ ಹಾಕಿ, ತಲೆಯಾಡಿಸಿ ಬರೆದುಕೊಂಡು ಹೋದರು. ಅವರನ್ನು ಕಾರಿನವರೆಗೆ ಬಿಟ್ಟು ಬಂದ ಪ್ರಿನ್ಸಿಪಾಲರು ಲ್ಯಾಬಿನ ಬೀಗದ ಕೈಯನ್ನು ಅವಳ ಮೇಜಿನ ಮೇಲಿಟ್ಟರು. "ಇನ್ನು ಇದು ನಿನ್ನ ಹತ್ತಿರಾನೇ ಇರಲಿ. ಲೈಬ್ರರಿಗೆ ಬೇರೆ ಯಾರನ್ನಾದರೂ ನೋಡ್ತೀನಿ."

ವೇಣು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಮೇನಕಾ ಅವನನ್ನು ನಿಲ್ಲಿಸಿ, ಬಾಳೆಲೆಯ ಚೂರು ಹಾಸಿದ ಕಾಗದ ಹರಡಿದಳು.

"ನಿಮ್ಮ ಎಂಬದರಲ್ಲಿ ಹತ್ತು ವಡೆ ಮಿಕ್ಕಿದೆ. ಕಟ್ಟಿಕೊಡ್ತೀನಿ, ಬಸ್ಸಲ್ಲಿ ತಿನ್ನಿ."

"ಸರಿಯಾಗಿ ಎಣಿಸಿ ಮೇಡಂ" ಎಂದು ಅವನು ನಕ್ಕ.

ಅವಳು ಒಂದೊಂದಾಗಿ ಎತ್ತಿಡುತ್ತಾ, ಯಾವ ಅವಸರವೂ ಇಲ್ಲದೆ, ಎಲ್ಲರಿಗೂ ಕೇಳುವಂತೆ ಎಣಿಸಿದಳು. ಲಾಭ, ಎಲ್ಡು, ಮೂರು.