ಪೇಟ ಕಿತ್ತುಕೊಟ್ಟ ಪ್ರೊಫೆಸರ್

ವೇದಿಕೆಯ ಮೇಲೆಯೇ ಪ್ರೊಫೆಸರ್ ತಲೆಯ ಮೇಲಿನ ಮೈಸೂರು ಪೇಟ ತೆಗೆದುಬಿಟ್ಟಾಗ ಸಿಟ್ಟಾದರೆಂದೇ ಅಂದುಕೊಂಡೆ. ನನ್ನ ಪ್ರಾಜೆಕ್ಟ್‌ಗೆ ಅವರ ಸಹಿ ಇನ್ನೂ ಬಾಕಿಯಿತ್ತು.

ಫ್ರಾನ್ಸಿನವರಾದ ಅವರು ಐವತ್ತು ವರ್ಷ ಕಾರ್ಮಿಕರ ಮುಷ್ಕರಗಳ ಬಗ್ಗೆಯೇ ಸಿನಿಮಾ ಮಾಡಿ, ಬಂದ ಮೂರೂ ಪ್ರಶಸ್ತಿ ಹಿಂದಿರುಗಿಸಿ, ಈಗ ಅಟ್ಲಾಂಟಾದಲ್ಲಿ ನಮಗೆ ಸಿನಿಮಾ ಕಲಿಸುತ್ತಾರೆ. ಪಕ್ಕದ ಲಾರೆನ್ಸ್‌ವಿಲ್‌ನಲ್ಲಿ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಊಟಕ್ಕೆಂದು ಕರೆದೊಯ್ದಿದ್ದೆ. ಅತಿಥಿ ಸಿಕ್ಕರೆ ಬಿಡದ ನಮ್ಮವರು ಸನ್ಮಾನವನ್ನೇ ಮಾಡಿಬಿಟ್ಟಿದ್ದರು.

ಸನ್ಮಾನ ಅಡುಗೆ ಮಾಡಿದವರಿಗೆ ಸಲ್ಲಬೇಕು ಎಂದು ಅವರು ಮೈಕಿನಲ್ಲಿ ಗುಡುಗಿದರು. ಒಂಬತ್ತು ಆಂಟಿಯರೂ ಸೌಟು ಬಿಟ್ಟು ವೇದಿಕೆ ಹತ್ತಿದರು. ಒಂದೇ ಪೇಟ ತಲೆಯಿಂದ ತಲೆಗೆ ಸಾಗಿತು. ಪ್ರತಿಯೊಬ್ಬರಿಗೂ ಫೋಟೊ ಬೇಕಿತ್ತು. ಕೆಳಗೆ ಖಾಲಿ ತಟ್ಟೆ ಹಿಡಿದವರ ಸಾಲು ಬಾಗಿಲು ದಾಟಿತು.

"ಸರೋಜಾ, ಪ್ಲೀಸ್, ಸರ್ವ್ ಮಾಡೋಕೆ ಬಾರೆ!" ಸಂಘದ ಅಧ್ಯಕ್ಷ ಅಂಕಲ್ ಹೆಂಡತಿಯನ್ನು ಬೇಡಿಕೊಂಡರು.

"ನನ್ ಟರ್ನ್ ಇನ್ನೂ ಬಂದಿಲ್ಲ ರೀ. ನೀವೇ ಬಡಿಸಿ, ಸೌಟು ಅಲ್ಲೇ ಇದೆ."

ಅಂಕಲ್ ಸೂಟಿನಲ್ಲೇ ಬಿಸಿಬೇಳೆಬಾತ್ ಬಡಿಸಿದರು.

ತಾವು ಕಂಡ ಮುಷ್ಕರಗಳಲ್ಲಿ ಪೂರ್ತಿ ಗೆದ್ದದ್ದು ಇದೊಂದೇ ಎಂದು ಪ್ರೊಫೆಸರ್ ಕಾರಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ಸಹಿ ಸಿಕ್ಕಿತು. ಸಂಘದ ಮುಂದಿನ ಕಾರ್ಯಕ್ರಮದ ಅಡುಗೆಗೆ ಈವರೆಗೆ ಯಾರೂ ಹೆಸರು ಕೊಟ್ಟಿಲ್ಲ; ಸನ್ಮಾನಕ್ಕೆ ಒಂಬತ್ತು ಮಂದಿ ಕೊಟ್ಟಿದ್ದಾರೆ.