ರೇಣುಕಾಗೆ ನಾನು ಹೇಳಿದ ತಪ್ಪು

‘ಸರ್, ಗುರುತು ಸಿಕ್ತೇನ್ರಿ?’

ಹೋದ ವಾರ ಉಣಕಲ್‌ನ ಮೆಡಿಕಲ್ ಶಾಪಿನಲ್ಲಿ ಕೌಂಟರಿನ ಹೆಣ್ಣುಮಗಳು ಕೇಳಿದಳು. ಸಿಗಲಿಲ್ಲ. (ಸಿಕ್ಕವನಂತೆ ನಕ್ಕೆ. ಅದೊಂದು ಚಟ.)

‘ನಾ ಹೆಬ್ಬಳ್ಳಿ ರೇಣುಕಾ ರೀ. ಧಾರವಾಡದ ಭಾಷಣ ಸ್ಪರ್ಧಾದಾಗ ನೀವು ಜಡ್ಜ್ ಇದ್ರಿ.’

ನನ್ನ ನಗು ಅಲ್ಲೇ ಸತ್ತಿತು.

ಹನ್ನೆರಡು ವರ್ಷದ ಹಿಂದಿನ ಮಾತು. ಹೈಸ್ಕೂಲ್ ಮಕ್ಕಳ ಸ್ಪರ್ಧೆ. ವಿಷಯ, ‘ಬದುಕಿನಲ್ಲಿ ನೈತಿಕ ಮೌಲ್ಯಗಳು’. ಉಳಿದವರೆಲ್ಲ ಬಾಯಿಪಾಠ ಒಪ್ಪಿಸಿ ಇಳಿದರು. ರೇಣುಕಾ ಮಾತ್ರ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ತನ್ನ ಅವ್ವನ ಬಗ್ಗೆ ಮಾತಾಡಿದಳು. ‘ಅವ್ವ ಹುಳುಕ ಬದನಿಕಾಯಿ ಬುಟ್ಟಿ ಮ್ಯಾಲೇ ಇಡ್ತಾಳ್ರಿ. ತಗೊಳ್ಳೋರಿಗೆ ಮೊದಲ ಅದ ಕಾಣಬೇಕಲ್ರಿ?’

ಎರಡು ಮಾತಿಲ್ಲದೆ ಅವಳಿಗೇ ಫಸ್ಟ್ ಬರೆದೆ.

ಅಷ್ಟರಲ್ಲಿ ಸಂಘಟಕ ಚಹಾ ತಂದ. ನನ್ನ ಹಳೆಯ ದೋಸ್ತ. ಕಿವಿಯ ಹತ್ತಿರ ಬಾಗಿ, ‘ಮೂರನೇದಾಗಿ ಮಾತಾಡಿದಾಕಿ ನನ್ನ ಮಗಳೋ. ಸ್ವಲ್ಪ ನೋಡು’ ಅಂದ.

ನೋಡಿದೆ. ಪೆನ್ಸಿಲ್ಲಿನಲ್ಲಿ ಬರೆದ ಮಾರ್ಕ್ಸ್ ಅಳಿಸಲು ಎಷ್ಟು ಹೊತ್ತು ಬೇಕು?

ಅಲ್ಲಿಗೇ ಮುಗಿದಿದ್ದರೆ ಇವತ್ತು ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ನಾನು ಸ್ಕೂಟರ್ ಹತ್ತುವಾಗ ರೇಣುಕಾ ಓಡಿ ಬಂದಳು. ಕೈಯಲ್ಲಿ ಎರಡನೇ ಬಹುಮಾನ.

‘ಸರ್, ಎಲ್ಲಿ ತಪ್ಪಿದ್ನಿ ಹೇಳ್ರಿ. ತಿದ್ಕೋತೇನಿ.’

ಅವಳು ದೂರುತ್ತಿರಲಿಲ್ಲ. ಕಲಿಯಲು ಬಂದಿದ್ದಳು. ಇಲ್ಲದ ತಪ್ಪನ್ನು ಎಲ್ಲಿಂದ ತರಲಿ? ಅಲ್ಲೇ ನಿಂತು ಒಂದನ್ನು ಹುಟ್ಟಿಸಿದೆ.

‘ತಂಗಿ, ನೀ ಭಾಳ ಹಳ್ಳಿ ಭಾಷಾ ಮಾತಾಡ್ತಿ. ಸ್ಟೇಜಿಗೆ ಒಪ್ಪೂದಿಲ್ಲ.’

ಹುಡುಗಿ ತಲೆ ಅಲ್ಲಾಡಿಸಿ, ಥ್ಯಾಂಕ್ಸ್ ಬೇರೆ ಹೇಳಿ ಹೋದಳು.

‘ನೀವು ಅಂದಿದ್ದು ಖರೇ ಇತ್ರಿ ಸರ್,’ ಹೋದ ವಾರ ಅದೇ ರೇಣುಕಾ ಅಂದಳು. ‘ಆಮ್ಯಾಲೆ ನಾ ಸ್ಟೇಜ್ ಹತ್ತಲೇ ಇಲ್ಲ. ಮಗಳು ಬಾಲವಾಡಿಗೆ ಹೊಂಟಾಳ. ಆಕಿ ಮಾತು ಈಗಿಂದನ ತಿದ್ದಾಕತ್ತೇನಿ.’

ಇನ್ನು ತಡೆಯಲಾಗಲಿಲ್ಲ. ದೋಸ್ತ, ಪೆನ್ಸಿಲ್ಲು, ಸುಳ್ಳು, ಎಲ್ಲ ಹೇಳಿಬಿಟ್ಟೆ. ಹಗುರಾಗುತ್ತೇನೆ ಅಂದುಕೊಂಡಿದ್ದೆ. (ಅದೂ ಸ್ವಾರ್ಥವೇ.)

ಅವಳು ಬೈಯಲಿಲ್ಲ. ನನ್ನ ಔಷಧಿ ಪೊಟ್ಟಣ ಕೌಂಟರಿನ ಮೇಲೆ ಇಟ್ಟಳು.

‘ಬಹುಮಾನ ಹೋಗ್ಲಿ ಬಿಡ್ರಿ. ತಪ್ಪು ನನ್ನ ಮಾತಿನ ಮ್ಯಾಲೆ ಯಾಕ ಹಾಕಿದ್ರಿ?’

‘ಮಗಳ ಮಾತು ತಿದ್ದಬ್ಯಾಡ ತಂಗಿ’ ಅಂದೆ. ಅವಳು ಆಗಲೇ ಬೇರೆ ಗಿರಾಕಿಯ ಚೀಟಿ ಓದುತ್ತಿದ್ದಳು.

ಅಂದು ಸ್ಪರ್ಧೆ ಮುಗಿದ ಮೇಲೆ ಮೌಲ್ಯಗಳ ಬಗ್ಗೆ ಅರ್ಧ ತಾಸು ಮಾತಾಡಿದವನೂ ನಾನೇ. ಸರಿ ಯಾವುದು, ತಪ್ಪು ಯಾವುದು, ಎಲ್ಲ ಚೆನ್ನಾಗಿ ಗೊತ್ತಿತ್ತು.

ಗೊತ್ತಿಲ್ಲದೆ ಮಾಡಿದವನು ಕ್ಷಮೆ ಕೇಳಬಹುದು. ಗೊತ್ತಿದ್ದೂ ಮಾಡಿದವನು ಏನು ಕೇಳಬೇಕು?